ಹಿಂದಿನ ರಟ್ಟು

ಸೋಮವಾರ, ಮಾರ್ಚ್ ೧೮

ಪ್ರೀತಿಯ ಚೂಟಿ,

ನೀನು ಕಳಿಸಿದ ಕನ್ನಡಕ ತಲುಪಿ ತಿಂಗಳಾಗುತ್ತ ಬಂತು. ತಲುಪಿತೆಂದು ಒಂದು ಸಾಲು ಬರೆಯಲಾರದಷ್ಟು ಸೋಮಾರಿಯಾದರೇ ಅಪ್ಪ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಹೊಸ ಕನ್ನಡಕಕ್ಕೆ ಕಣ್ಣು ಹೊಂದಿಕೊಳ್ಳಲಿ ಎಂದು ಕಾಯುತ್ತಿದ್ದೆ ಎಂದಿಟ್ಟುಕೋ. ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಅಳೆಯುವವಳು ಅಪ್ಪನದನ್ನೂ ಸರಿಯಾಗಿಯೇ ಅಳೆದಿದ್ದೀಯ. ಎಷ್ಟು ಸರಿಯೆಂದರೆ, ಹಾಕಿಕೊಂಡು ನನ್ನ ಚಿತ್ರಗಳನ್ನು ನೋಡಿದವನು ಬೇಗನೆ ತೆಗೆದಿಟ್ಟೆ.

ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಚುರುಕಾಗಿದೆ.

ವಾರ್ಷಿಕ ಚಿತ್ರ ಪ್ರದರ್ಶನಕ್ಕೆ ಈ ಸಲವೂ ನನ್ನದು ಆಯ್ಕೆಯಾಗಲಿಲ್ಲ. ಇದು ಹದಿನಾಲ್ಕನೆಯ ಸಲ. ಸಮಿತಿಯ ಕಾಗದ ಬಂದಾಗ ಅಮ್ಮ ಲಕೋಟೆಯನ್ನು ಬೆರಳಲ್ಲಿ ಹಿಡಿದು, "ತೆಳ್ಳಗಿದೆ ಕಣ್ರೀ, ಬೇಡ ಅಂತಾನೇ ಇರುತ್ತೆ" ಅಂದಳು. ಹಾಗೇ ಇತ್ತು. ಹೋದ ವರ್ಷ ಕೊನೆಯಲ್ಲಿ "ಮುಂದೆಯೂ ಭಾಗವಹಿಸಿ" ಎಂದಾದರೂ ಬರೆದಿದ್ದರು. ಈ ಸಲ ಆ ಸಾಲನ್ನೂ ಕೈಬಿಟ್ಟಿದ್ದಾರೆ. ಮೊದಲು ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ, ಅಮ್ಮನಿಗೆ ಕೇಳದ ಹಾಗೆ ನಲ್ಲಿ ತಿರುಗಿಸಿಕೊಂಡು ಅತ್ತೆ.

ಬಸ್ ನಿಲ್ದಾಣದ ಚಿತ್ರ ಅದು. ಹನ್ನೊಂದು ಮುಖಗಳು, ಏಳು ತಿಂಗಳ ಕೆಲಸ. ಚೌಕಟ್ಟನ್ನೂ ನಾನೇ ಕೂರಿಸಿದ್ದೆ. ಹಿಂಬದಿಗೆ ಅಟ್ಟದ ಮೇಲಿದ್ದ ಹಳೆಯ ರಟ್ಟೊಂದು ಅಳತೆಗೆ ಸರಿಹೋಯಿತು, ಅದನ್ನೇ ಇಟ್ಟು ಮೊಳೆ ಹೊಡೆದಿದ್ದೆ.

ವಾಪಸು ತರಲು ಹೋದೆ. ಬೇಡವಾದ ಚಿತ್ರಗಳನ್ನೆಲ್ಲ ಗ್ಯಾಲರಿಯ ಹಿಂದಿನ ಕೋಣೆಯಲ್ಲಿ, ಪಾಠ ಒಪ್ಪಿಸದ ಮಕ್ಕಳ ಹಾಗೆ, ಮುಖ ಗೋಡೆಗೆ ಮಾಡಿ ಸಾಲಾಗಿ ನಿಲ್ಲಿಸಿದ್ದರು. ಗುಮಾಸ್ತ ರಿಜಿಸ್ಟರ್ ಮುಂದಿಟ್ಟು, "ಇಲ್ಲಿ ಸಹಿ ಹಾಕಿ ಸಾರ್" ಅಂದ. ಮತ್ತೇನೋ ಕೇಳಿದ. ಏನೋ ಹೇಳಿ, ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಬಂದುಬಿಟ್ಟೆ.

ಇನ್ನು ಸಾಕು ಅನ್ನಿಸಿದೆ, ಚೂಟಿ. ಕುಂಚಗಳನ್ನು ತೊಳೆದು, ಒಣಗಿಸಿ, ಹಳೆಯ ಪೇಪರಿನಲ್ಲಿ ಸುತ್ತಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಇನ್ಮೇಲೆ ಹೊತ್ತು ಹೋಗೋಕೆ ಏನ್ಮಾಡ್ತೀರಿ?"

"ನಿನ್ನ ತಲೆ ತಿಂತೀನಿ."

"ಅದೇನು ಹೊಸದಲ್ವಲ್ಲ."

ಇಬ್ಬರೂ ನಗಲಿಲ್ಲ. ಇಷ್ಟು ವರ್ಷ ಸಮಿತಿಯವರಿಗೆ ಕಣ್ಣಿಲ್ಲ ಎಂದು ಹಾರಾಡಿದೆ. ಅವರಿಗೆ ಕಣ್ಣಿದೆ. ನನ್ನ ಕೈಯಲ್ಲೇ ಕಲೆ ಇರಲಿಲ್ಲ, ಅಷ್ಟೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೇರೆಯವರ ಕಣ್ಣು ನೋಡುತ್ತ ನಿನ್ನದನ್ನು ಹಾಳು ಮಾಡಿಕೊಳ್ಳಬೇಡ. ಎಲ್ಲಿದ್ದರೂ ತಣ್ಣಗಿರು, ಮಗಳೇ. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಆ ರಟ್ಟಿನ ಮೇಲೆ ನಿನ್ನ ಚಿತ್ರವಿತ್ತು. ಹದಿನೇಳನೆಯ ವಯಸ್ಸಿನಲ್ಲಿ ನೀನು ಬರೆದದ್ದು, ಪಾತ್ರೆ ತೊಳೆಯುತ್ತ ನಿಂತ ಅಮ್ಮನ ಬೆನ್ನು. "ಮುಖ ಬರೆಯೋಕೆ ಬರದವರು ಬೆನ್ನು ಬರೀತಾರೆ" ಅಂದಿದ್ದೆ ನಾನು ಅವತ್ತು. ಆಮೇಲೆ ನೀನು ಕುಂಚ ಮುಟ್ಟಲೇ ಇಲ್ಲ. ನಿನ್ನದೆಂದು ಗೊತ್ತಿದ್ದೇ ಅದಕ್ಕೆ ಮೊಳೆ ಹೊಡೆದೆ. ಗುಮಾಸ್ತ ಕೇಳಿದ್ದು ಅದನ್ನೇ: "ಹಿಂದಿರೋ ಈ ಬೆನ್ನು ಯಾರು ಬರೆದಿದ್ದು ಸಾರ್? ಸಮಿತಿಯವರು ಮೂರೂ ಜನ ನಿಂತು ನೋಡಿದ್ರು. ಹೆಸರು ಹೇಳಿದ್ರೆ ಇದನ್ನ ಪ್ರದರ್ಶನಕ್ಕೆ ಹಾಕ್ತಾರಂತೆ." ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. "ಯಾರದ್ದೂ ಅಲ್ಲ, ಬರೀ ರಟ್ಟು" ಅಂದೆ. ಪತ್ರ ತಡವಾದದ್ದು ಕನ್ನಡಕದಿಂದಲ್ಲ. ಪ್ರದರ್ಶನ ನಿನ್ನೆ ಮುಗಿಯಿತು.