ಸುಟ್ಟ ಪತ್ರಕ್ಕೂ ನಕಲು ಉಂಟು

ಮಾರ್ಚ್ ೩, ಬೆಳಿಗ್ಗೆ ೮
ಪತ್ರಿಕೆ ಓದಿ ಮುಗಿಯಿತು. ಪೆನ್ನಿಗೆ ಶಾಯಿ ತುಂಬಿದ್ದಾಯಿತು. ಅಷ್ಟರಲ್ಲಿ ಮೊಮ್ಮಗಳು ಚಿನಕುರುಳಿ ಲ್ಯಾಪ್‌ಟಾಪ್ ಸಮೇತ ಹಾಜರು. ಮೂರು ವರ್ಷದಿಂದ ತೆಗೆಯುತ್ತಿದ್ದ ಗೂಢಚಾರರ ಸಿನಿಮಾ ಮುಗಿಯಿತಂತೆ. ಇಪ್ಪತ್ತೆರಡರಂದು ವಿತರಕರೊಬ್ಬರು ನೋಡುವವರಿದ್ದಾರೆ. ಅವರು ಒಲ್ಲೆನೆಂದರೆ ಸಿನಿಮಾ ಡಬ್ಬದಲ್ಲೇ ಕೊಳೆಯತಕ್ಕದ್ದು.
"ತಾತ, ನೋಡಿ ಹೇಳಿ. ಮುಲಾಜು ಬೇಡ."
ನಲವತ್ತು ವರ್ಷ ನಕಲು ಗುಮಾಸ್ತನಾಗಿದ್ದವನಿಗೆ ಹೇಳಬಾರದ ಮಾತು ಅದು.

ಮಾರ್ಚ್ ೪
ನೋಡಿದೆನು. ಎರಡು ಸಲ. ಅಂಚು ಬಿಟ್ಟು, ಕ್ರಮಬದ್ಧವಾಗಿ ವರದಿ ಬರೆದು ಒಪ್ಪಿಸಿದೆನು. ಸಾರಾಂಶ:
ಸದರಿ ಚಿತ್ರದ ಮಂತ್ರಿಯು ಒಮ್ಮೆಯೂ ದನಿ ಏರಿಸುವುದಿಲ್ಲ. ಆದಕಾರಣವೇ ಅವನು ಬಾಗಿಲು ತೆರೆದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ನಾಯಕಿಯಾದ ಗೂಢಚಾರಿಣಿಯು ಮಂತ್ರಿಯ ಕಚೇರಿಯಲ್ಲಿ ಚಹಾ ಹಂಚುವವಳು. ಟ್ರೇ ಹಿಡಿದವಳ ಮುಖವನ್ನು ಯಾವ ಅಧಿಕಾರಿಯೂ ನೋಡುವುದಿಲ್ಲ—ನೂರಕ್ಕೆ ನೂರು ಸತ್ಯ. ಗುಣಗಳು ಇವೆರಡು.
ದೋಷಗಳು ಹನ್ನೊಂದು. ಮೊದಲ ಅರ್ಧ ಗಂಟೆ ಒಂದೇ ಬಣ್ಣದ ಕೋಟಿನ ಏಳು ಜನ. ಯಾರು ಯಾವ ಪಕ್ಷವೋ ಬ್ರಹ್ಮನಿಗೇ ಗೊತ್ತು. ಕಾವಲುಗಾರರು ಇನ್ನೂರು ಗುಂಡು ಹಾರಿಸಿದರೂ ನಾಯಕಿಯ ಕೂದಲು ಕೊಂಕದು. ಮಂತ್ರಿಯ ಬಂಟನು ಸಂಚನ್ನೆಲ್ಲ ಮಗ್ಗಿಯಂತೆ ತಾನೇ ಒಪ್ಪಿಸುತ್ತಾನೆ... ಹನ್ನೊಂದನೆಯದು ಪ್ರಾಣಾಂತಿಕ. ಚುನಾವಣೆ ಕೆಡಿಸುವ ಸಂಚಿನ ಪತ್ರವನ್ನು ಮಂತ್ರಿ ಸುಡುತ್ತಾನೆ. ಸಾಕ್ಷ್ಯ ಹೋಯಿತೆಂದು ಎಲ್ಲರೂ ಅಳುತ್ತಾರೆ. ನಾಯಕಿ ರೈಲಿನ ಮೇಲೆ ಹತ್ತಿ ಹೊಡೆದಾಡಿ ಗೆಲ್ಲುತ್ತಾಳೆ. ಶಿವನೇ! ಕಥೆ ನಡೆಯುವುದು ನನ್ನ ಕಾಲದಲ್ಲಿ. ಆ ಪತ್ರ ಬರೆದ ಗುಮಾಸ್ತನು ನಕಲು ಇಡದೆ ಬಿಟ್ಟಾನೆಯೇ? ಮಂತ್ರಿ ಬೇಡವೆಂದರೂ ಕೈ ಕೇಳದು!

ಅದೇ ದಿನ, ಸಂಜೆ
"ಹನ್ನೊಂದು ತಪ್ಪಾ? ತಾತ, ಇದು ಸಿನಿಮಾ, ಸರ್ಕಾರಿ ಫೈಲ್ ಅಲ್ಲ!" ಬಾಗಿಲು ಧಡಾರ್. ಹೊರಟುಹೋದಳು.
ನನ್ನವಳು ಅಡುಗೆಮನೆಯಿಂದಲೇ: "ರೀ, ಮಗು ಬೆನ್ನು ತಟ್ಟಿಸ್ಕೊಳ್ಳೋಕೆ ಬಂದ್ರೆ ಬೆನ್ನಿನ ಚರ್ಮ ಸುಲಿದು ಕಳಿಸಿದ್ರಲ್ಲ! ಮದುವೆಯಾದ ಹೊಸದರಲ್ಲಿ ನಾನು ಬರೆದ ಕಾಗದಾನೂ ತಿದ್ದಿ ವಾಪಸ್ ಕಳಿಸಿದ ಮಹಾನುಭಾವ್ರು ನೀವು."
ಆ ಕಾಗದದಲ್ಲಿ ದಿನಾಂಕವೇ ಇರಲಿಲ್ಲ.

ಮಾರ್ಚ್ ೧೧
ಏಳು ದಿನ. ಒಂದು ಫೋನೂ ಇಲ್ಲ. ತಕ್ಕಡಿ ಸರಿಯಿರಲಿಲ್ಲವೇನೋ... ಮೂರನೆಯ ಗುಣವೊಂದನ್ನು ಬರೆಯಲೇ ಇಲ್ಲ. ಎರಡನೆಯ ಸಲ ನೋಡಿದ್ದು ತಪ್ಪು ಹುಡುಕಲಿಕ್ಕಲ್ಲ. ಚಹಾದವಳು ಬದುಕುವಳೆಂದು ತಿಳಿದೂ ಮತ್ತೊಮ್ಮೆ ಹೆದರಲಿಕ್ಕೆ. ಇಷ್ಟನ್ನೇ ಚೀಟಿಯಲ್ಲಿ ಬರೆದು ಅಂಚೆಗೆ ಹಾಕಿದೆನು.

ಮಾರ್ಚ್ ೧೪
ಉತ್ತರ ಬಂದಿತು. ನನ್ನದೇ ಶೈಲಿ!
"ಅರ್ಜಿದಾರರ ಆಕ್ಷೇಪಣೆಗಳನ್ನು ಪರಿಶೀಲಿಸಲಾಯಿತು. ಹತ್ತು ವಜಾ. ಹನ್ನೊಂದನೆಯದನ್ನು ಅಂಗೀಕರಿಸಿ, ನಾಯಕಿಯನ್ನು ರೈಲಿನಿಂದ ಕೆಳಗಿಳಿಸಲಾಗಿದೆ. ಅರ್ಜಿದಾರರು ಹದಿನಾರರಂದು ಸ್ವಂತ ಪೆನ್ನಿನೊಡನೆ ಸ್ಟುಡಿಯೋಗೆ ಖುದ್ದು ಹಾಜರಾಗತಕ್ಕದ್ದು. ಗುಮಾಸ್ತನ ಪಾತ್ರಕ್ಕೆ ಅವರ ಬಲಗೈ ಬೇಕಾಗಿದೆ."
ನನ್ನವಳು ನಕ್ಕು ನಕ್ಕು ಕೆಮ್ಮಿದಳು.

ಮಾರ್ಚ್ ೧೬
ಕೈ ಮಾತ್ರ. ಮುಖ ತೋರಿಸುವುದಿಲ್ಲವಂತೆ—ನಷ್ಟ ಅವರದು.
ಕ್ಯಾಮೆರಾದವನು, "ಅಜ್ಜಾ, ಅಕ್ಷರ ಇಷ್ಟು ದುಂಡಗಿದ್ರೆ ಕಂಪ್ಯೂಟರ್‌ದು ಅಂದ್ಕೋತಾರೆ. ಒಂಚೂರು ಕೆಡಿಸಿ" ಎಂದನು.
"ಕೆಡಿಸೋದಕ್ಕೆ ಬೇರೆ ಕೈ ನೋಡ್ಕೊಳ್ಳಪ್ಪಾ."
ಚಿನಕುರುಳಿ ಬಿದ್ದು ಬಿದ್ದು ನಕ್ಕಳು. ನಾನು ಅಕ್ಷರ ಕೆಡಿಸಲಿಲ್ಲ.

ಮಾರ್ಚ್ ೨೨, ಸಂಜೆ ೬
ವಿತರಕನು ಮೊದಲರ್ಧವೆಲ್ಲ ಫೋನ್ ಒತ್ತುತ್ತಿದ್ದನು. ನನ್ನ ಪಕ್ಕದಲ್ಲಿ ಚಿನಕುರುಳಿ ಆ ಫೋನನ್ನೇ ದಿಟ್ಟಿಸುತ್ತಿದ್ದಳು. ತೆರೆಯ ಮೇಲೆ ಪತ್ರ ಉರಿಯಿತು. ಮಂತ್ರಿ ನಕ್ಕನು. ಚಹಾದವಳು ಖಾಲಿ ಲೋಟ ಎತ್ತಲು ಗುಮಾಸ್ತನ ಮೇಜಿಗೆ ಬಂದಳು. ಒಂದು ಕೈ, ಮಾತಿಲ್ಲದೆ, ನಕಲನ್ನು ಅವಳ ಟ್ರೇಯ ಅಡಿಗೆ ಸರಿಸಿತು. ಸಂಗೀತವೂ ಇಲ್ಲ. ವಿತರಕನ ಫೋನ್ ಜೇಬು ಸೇರಿತು. ಆಮೇಲೆ ಹೊರಬರಲಿಲ್ಲ.
ದೀಪ ಹತ್ತಿತು. "ತಗೊಂಡೆ ಕಣಮ್ಮಾ. ಮುಂದಿನ ತಿಂಗಳೇ ಥಿಯೇಟರ್‌ಗೆ. ಅದಿರಲಿ, ಆ ಕೈ ಯಾರದು?"
ಬಲಗೈ ಎತ್ತಿ ತೋರಿಸೋಣವೆಂದರೆ, ಚಿನಕುರುಳಿ ಅದನ್ನು ಎರಡೂ ಕೈಯಿಂದ ಬಿಗಿಹಿಡಿದಿದ್ದಳು. ನಡುಗುತ್ತಿದ್ದವು ಅವಳ ಕೈಗಳು. ಹಾಗೆಂದೇ ದಾಖಲಿಸತಕ್ಕದ್ದು. ನನ್ನದಲ್ಲ. ಈ ಪುಟದ ಅಕ್ಷರ ದುಂಡಗಿಲ್ಲದಿದ್ದರೆ ಅದು ಪೆನ್ನಿನ ದೋಷ.