ಎ-1, ಎ-2 ರಿಪೇರಿಯಲ್ಲಿವೆ

ಜೂನ್ 24, ಮಂಗಳವಾರ. ಮಧ್ಯಾಹ್ನ 3

ಥಿಯೇಟರಿನ ಸಿ-7 ಸೀಟಿನವರ ಚಪ್ಪಲಿ ಮತ್ತೆ ಕುರ್ಚಿಯ ಹೊಟ್ಟೆ ಸೇರಿತ್ತು. ಕಾಲು ಚಾಚಲು ಬಟನ್ ಒತ್ತುತ್ತಾರೆ, ಚಪ್ಪಲಿ ಅಡಿಗೆ ಜಾರುತ್ತದೆ, ಇಳಿಸಿದಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಲ್ ಗುಡಿಸುವ ದುರ್ಗಾಂಬ ಗಾರು ಟಾರ್ಚ್ ಹಿಡಿದರು, ನಾನು ಮೊಣಕಾಲೂರಿ ಎಳೆದೆ. ಗೆಸ್ಟ್ ಎಕ್ಸ್‌ಪೀರಿಯೆನ್ಸ್ ಎಕ್ಸಿಕ್ಯುಟಿವ್ ಅಂದರೆ ಇದು. ರಾಣೆಬೆನ್ನೂರಿನಲ್ಲಿ ಅವ್ವ ಮಾತ್ರ ನಮ್ಮ ತೃಪ್ತಿ ವೈಜಾಗಿನಲ್ಲಿ ಆಫೀಸರ್ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ.

ಎ-1, ಎ-2ರಲ್ಲಿ ಇವತ್ತೂ ಅವರೇ. ಗೋಪಾಲಕೃಷ್ಣ ಸರ್, ಸುಲೋಚನಾ ಅಮ್ಮ. ಪೆಂಡುರ್ತಿಯಿಂದ ಆಟೋದಲ್ಲಿ ಬರುತ್ತಾರೆ, ಪ್ರತಿ ಮಂಗಳವಾರ, ಬೆಳಗಿನ ಶೋ. ಮೂಲ ಭದ್ರಾವತಿ. ನಲವತ್ತು ವರ್ಷದ ಹಿಂದೆ ಇಲ್ಲಿಯ ಸ್ಟೀಲ್ ಪ್ಲಾಂಟಿಗೆ ಮೆಷಿನ್ ಮೇಂಟೆನೆನ್ಸಿಗೆ ಬಂದವರು. ನಾನು ಕನ್ನಡದವಳು ಎಂದು ಗೊತ್ತಾದ ದಿನದಿಂದ ಪುಟ್ಟಾ ಎನ್ನುತ್ತಾರೆ.

ಅಮ್ಮನಿಗೆ ಮರೆವಿನ ಕಾಯಿಲೆ. ಮೊದಲು ಹೋದದ್ದು ತೆಲುಗಂತೆ. ಅಕ್ಕಪಕ್ಕದವರ ಜೊತೆ ನಲವತ್ತು ವರ್ಷ ಆಡಿದ ಭಾಷೆ, ಈಗ ಒಂದು ಪದ ಇಲ್ಲ. ಉಳಿದಿರುವುದು ಕನ್ನಡವೊಂದೇ. ಹಾಗಾಗಿ ಸಿನಿಮಾದುದ್ದಕ್ಕೂ ಸರ್ ಅವರ ಕಿವಿಯಲ್ಲಿ ಕಥೆ ಹೇಳುತ್ತಿರುತ್ತಾರೆ. ಹೇಳುವುದಷ್ಟೇ ಅಲ್ಲ, ತಿದ್ದುತ್ತಾರೆ ಕೂಡ. ಇವತ್ತು ಪರದೆಯ ಮೇಲೆ ನಾಯಕನ ತಾಯಿ ಸತ್ತಳು. ಎಲ್ಲಿ ಹೋದಳು ಎಂದು ಅಮ್ಮ ಕೇಳಿದರು. ತವರಿಗೆ ಹೋದಳು, ದೀಪಾವಳಿಗೆ ಬರ್ತಾಳೆ ಎಂದರು ಸರ್. ಬಾಗಿಲ ಬಳಿ ಕತ್ತಲಲ್ಲಿ ನಿಂತಿದ್ದೆ. ನಗು ಬಂತು. ಆಮೇಲೆ ನಗು ಬರಲಿಲ್ಲ.

ಮನೆಯಲ್ಲಿ ಅಮ್ಮ ಹತ್ತು ನಿಮಿಷ ಕೂರುವುದಿಲ್ಲವಂತೆ. ಬೆನ್ನುನೋವು, ಎದ್ದು ಗೇಟಿನ ಕಡೆ ನಡೆಯುತ್ತಾರೆ. ಇಲ್ಲಿ ಕಾಲು ಮೇಲೆತ್ತಿ ಕಂಬಳಿ ಹೊದೆಸಿದರೆ ಮೂರು ಗಂಟೆ ಅಲುಗುವುದಿಲ್ಲ. "ವಾರದಲ್ಲಿ ಈ ಮೂರು ಗಂಟೆ ನಾನೂ ಕೂರ್ತೀನಿ ಪುಟ್ಟಾ" ಎಂದರು ಸರ್. ಅಮ್ಮ ಮಟ್ಟ ನೆಲದಲ್ಲಿ ನಡೆದಾರು, ಆದರೆ ಹಾಲಿನ ಕತ್ತಲಿಗೆ ಗಾಲಿಕುರ್ಚಿ ಬೇಕು, ಮೆಟ್ಟಿಲು ಹತ್ತಲಾರರು. ಮೆಟ್ಟಿಲಿಲ್ಲದ ಸೀಟು ನಮ್ಮಲ್ಲಿ ಎರಡೇ.

ಜುಲೈ 1, ಮಂಗಳವಾರ. ಸಂಜೆ

ಕಂಪ್ಲೇಂಟ್. ಬಿ-2ರ ಅಖಿಲ್. ಋಷಿಕೊಂಡದ ಕಂಪನಿಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬರುವವನು. ಪ್ರಯಾರಿಟಿ ಮೆಂಬರ್. ಅವನು ಬರೆದ ರಿವ್ಯೂ ಓದಿಯೇ ಜನ ಟಿಕೆಟ್ ತೆಗೆಯುತ್ತಾರೆ.

ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸೈಲೆನ್ಸ್‌ಗಾಗಿಯೇ ಇಲ್ಲಿಗೆ ಬರುತ್ತೇನೆ, ಮುಂದಿನ ಸಾಲಿನಲ್ಲಿ ಕಾಮೆಂಟರಿ ನಡೆಯುತ್ತಿದ್ದರೆ ಮನೆಯಲ್ಲೇ ನೋಡಬಹುದಲ್ಲ ಎಂದ. ಕಣ್ಣು ಕೆಂಪಾಗಿತ್ತು, ನಿದ್ದೆಗೆಟ್ಟ ಮುಖ. ಅವನ ಮಾತಿನಲ್ಲಿ ತಪ್ಪಿಲ್ಲ. ಅದೇ ಕಷ್ಟ. ಹಿಂದಿನ ಸಾಲು ಕೊಡುತ್ತೇನೆಂದೆ. ನನ್ನ ಸೀಟು ನಾನೇಕೆ ಬಿಡಬೇಕು ಎಂದ. ಸಂಜೆಗೆ ಎರಡು ಸ್ಟಾರ್.

ನಮ್ಮ ಮ್ಯಾನೇಜರ್ ಕಾಮೇಶ್ವರ ಗಾರು ಫೋನ್ ಮಾಡಿದರು. ನಲವತ್ತೆಂಟು ಗಂಟೆಯಲ್ಲಿ ಕಂಪ್ಲೇಂಟ್ ಕ್ಲೋಸ್ ಆಗಬೇಕು. ಆದರೆ ವಯಸ್ಸಾದವರು, ಗಾಲಿಕುರ್ಚಿ... ಬರಬೇಡಿ ಅಂತ ಬಾಯಿಬಿಟ್ಟು ಹೇಳಕೂಡದು, ಯಾರಾದರೂ ವಿಡಿಯೋ ಮಾಡಿ ಹಾಕಿಯಾರು. "ಮೀ ಭಾಷ ವಾಳ್ಳೇ ಕದಮ್ಮಾ. ಮೀರೇ ಚೂಸ್ಕೋಂಡಿ" ಎಂದರು. ನನ್ನ ಭಾಷೆಯವರು, ಆದ್ದರಿಂದ ನಾನೇ ನೋಡಿಕೊಳ್ಳಬೇಕು.

ಜುಲೈ 8, ಮಂಗಳವಾರ

ಶೋಗೆ ಮೊದಲು ಸರ್‌ಗೆ ಹೇಳಿದೆ, ಸ್ವಲ್ಪ ಮೆತ್ತಗೆ... ಅವರ ಮುಖ ಸಣ್ಣದಾಯಿತು. ಖಂಡಿತ ಪುಟ್ಟಾ, ನನಗೆ ಹೊಳೆಯಲೇ ಇಲ್ಲ ನೋಡು ಎಂದರು. ಅರ್ಧ ಗಂಟೆ ಪಿಸುಮಾತಿನಲ್ಲೇ ಕಥೆ ನಡೆಯಿತು. ಆಮೇಲೆ ಅಮ್ಮನ ದನಿ ಇಡೀ ಹಾಲಿಗೆ ಕೇಳಿಸಿತು. "ಯಾಕ್ರೀ ಪಿಸಿಪಿಸಿ ಅಂತೀರಿ, ಏನಾದ್ರೂ ಕದ್ದಿದೀವಾ?"

ಯಾರಿಗೂ ಅರ್ಥವಾಗಲಿಲ್ಲ. ನನಗೆ ಆಯಿತು. ನಾಲ್ಕೈದು ಜನ ಶ್ ಎಂದರು. ಅಖಿಲ್ ಎದ್ದು ಹೋದ. ಮತ್ತೆ ಮೂರು ಕಂಪ್ಲೇಂಟ್. ಕಾಮೇಶ್ವರ ಗಾರು ಈ ಸಲ ಫೋನ್ ಮಾಡಲಿಲ್ಲ, ಮೇಲ್ ಹಾಕಿದರು. ಮೇಲ್ ಎಂದರೆ ನನ್ನ ಫೈಲಿಗೆ ಹೋಗುತ್ತದೆ ಎಂದರ್ಥ.

ಜುಲೈ 10

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಾರಿ ಸಿಕ್ಕಿದೆ.

ಬುಕಿಂಗ್ ಸಿಸ್ಟಮ್‌ನಲ್ಲಿ ಸೀಟನ್ನು ಬ್ಲಾಕ್ ಮಾಡಬಹುದು. ಕಾರಣ ಕೇಳುತ್ತದೆ, ಪಟ್ಟಿಯಲ್ಲಿ "ಮೇಂಟೆನೆನ್ಸ್" ಇದೆ. ಎ-1, ಎ-2. ಮಂಗಳವಾರ, ಬೆಳಗಿನ ಶೋ. ಎರಡು ಕ್ಲಿಕ್. ನೋಡಿದವರು ನಂಬಲಿ ಎಂದು ಹಳದಿ ಟೇಪನ್ನೂ ಕೊಟ್ಟೆ, ಉಳಿದ ಶೋಗಳಿಗೆ ಬಿಚ್ಚಿಟ್ಟರಾಯಿತು. ಅಂಟಿಸುವಾಗ ದುರ್ಗಾಂಬ ಗಾರು ಬಟನ್ ಒತ್ತಿ ನೋಡಿದರು. ಕಾಲಿನ ಭಾಗ ಸಲೀಸಾಗಿ ಎದ್ದಿತು. ನನ್ನ ಕಡೆ ತಿರುಗಿದರು. ನಾನು ಮೊಬೈಲ್ ನೋಡುತ್ತಿದ್ದೆ. ಅವರು ಟೇಪ್ ಅಂಟಿಸಿ ಮುಗಿಸಿದರು.

ಯಾರಿಗೂ ಬೇಡ ಅಂದಿಲ್ಲ. ಯಾರನ್ನೂ ಹೊರಗೆ ಹಾಕಿಲ್ಲ. ಕುರ್ಚಿ ಕೆಟ್ಟಿದೆ, ಅಷ್ಟೇ.

ಜುಲೈ 15, ಮಂಗಳವಾರ

ಬಂದರು. ಸರ್ ಆನ್‌ಲೈನ್ ಬುಕ್ ಮಾಡುವವರಲ್ಲ, ಕೌಂಟರಿನಲ್ಲೇ ತೆಗೆಯುವವರು. ಆಟೋ ಆಗಲೇ ಹೊರಟುಹೋಗಿತ್ತು. ಮೋಟರ್ ಹೋಗಿದೆ ಸರ್, ಪಾರ್ಟ್ ಹೈದರಾಬಾದಿನಿಂದ ಬರಬೇಕು ಎಂದೆ. ಕನ್ನಡದಲ್ಲಿ. ತೆಲುಗಿನಲ್ಲಿ ಹೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಅವರು ನನ್ನನ್ನೇ ಸಮಾಧಾನ ಮಾಡಿದರು. ಯಂತ್ರ ಅಂದಮೇಲೆ ಕೆಡತ್ತೆ ಪುಟ್ಟಾ, ನೀನೇನು ಮಾಡ್ತೀಯ ಎಂದರು. ಅಮ್ಮ ಮಾತ್ರ ಒಳಗೆ ಹೋಗೋಣ, ಹೊತ್ತಾಯಿತು ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಬೇರೆ ಆಟೋ ಸಿಗಲು ಇಪ್ಪತ್ತೈದು ನಿಮಿಷವಾಯಿತು. ಅಷ್ಟೂ ಹೊತ್ತು ಬಿಸಿಲಿನಲ್ಲಿ ನಿಂತಿದ್ದರು. ನಾನು ಗಾಜಿನ ಈಚೆ, ಎಸಿಯಲ್ಲಿ.

ಈ ವಾರ ಕಂಪ್ಲೇಂಟ್ ಇಲ್ಲ. ಅಖಿಲ್ ನಾಲ್ಕು ಸ್ಟಾರ್ ಕೊಟ್ಟು "ಬೆಟರ್ ನೌ" ಎಂದು ಬರೆದಿದ್ದಾನೆ.

ಜುಲೈ 22, ಮಂಗಳವಾರ

ಫೋನ್ ಮಾಡಿ ಕೇಳಿದರು. ಪಾರ್ಟ್ ಬಂತಾ? ಇಲ್ಲ ಸರ್.

ಅಮ್ಮ ಬೆಳಗ್ಗೆಯೇ ಸೀರೆ ಉಟ್ಟು ಕೂತಿದ್ದಾರಂತೆ. ವಾರ ಯಾವುದೆಂದು ಗೊತ್ತಿಲ್ಲ, ಆದರೆ ಮಂಗಳವಾರ ಮಾತ್ರ ಗೊತ್ತಾಗುತ್ತದೆ, ಹೇಗೋ ಏನೋ ಎಂದು ನಕ್ಕರು. ನಾನೂ ನಕ್ಕೆ. ನಾಚಿಕೆಗೆಟ್ಟವಳು.

ಜುಲೈ 29, ಮಂಗಳವಾರ

ಮತ್ತೆ ಫೋನ್. ಪಾರ್ಟ್ ಬಂದಿಲ್ಲ ಎಂದೆ. ಸರ್ ದನಿ ಬಳಲಿತ್ತು. ಮೊನ್ನೆ ಅಮ್ಮ ಗೇಟ್ ದಾಟಿ ಮೇನ್ ರೋಡಿನ ತನಕ ಹೋಗಿದ್ದರಂತೆ. ಹಣ್ಣಿನ ಅಂಗಡಿಯವನು ಗುರುತು ಹಿಡಿದು ಕರೆತಂದನಂತೆ. ಎಲ್ಲಿಗೆ ಹೊರಟಿದ್ದೆ ಎಂದರೆ ಸಿನಿಮಾಕ್ಕೆ ಎಂದರಂತೆ. ಇದನ್ನು ಅವರು ದೂರಾಗಿ ಹೇಳಲಿಲ್ಲ. ಹೀಗಾಯಿತು ನೋಡು ಅಂತ, ಮನೆಯವರಿಗೆ ಹೇಳಿದ ಹಾಗೆ ಹೇಳಿದರು.

ಬ್ಲಾಕ್ ತೆಗೆಯಲು ಸಿಸ್ಟಮ್ ಓಪನ್ ಮಾಡಿದೆ. ಆಗಲೇ ಕಾಮೇಶ್ವರ ಗಾರು ಅವರ ಮೆಸೇಜ್ — ತಿಂಗಳ ಕೊನೆಯವರೆಗೆ ಇನ್ನೊಂದು ಕಂಪ್ಲೇಂಟ್ ಬರದಿದ್ದರೆ ಪ್ರಮೋಷನ್‌ಗೆ ನಿಮ್ಮ ಹೆಸರು ಮೇಲೆ ಕಳಿಸುತ್ತೇನೆ. ಇನ್ನು ಎರಡೇ ದಿನ.

ಸಿಸ್ಟಮ್ ಕ್ಲೋಸ್ ಮಾಡಿದೆ. ಎರಡೇ ದಿನ ತಾನೆ ಎಂದುಕೊಂಡೆ.

ಆಗಸ್ಟ್ 5, ಮಂಗಳವಾರ. ಮಧ್ಯಾಹ್ನ

ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ಆ ಎರಡು ದಿನ ಮುಗಿದರೂ ನಾನು ಬ್ಲಾಕ್ ತೆಗೆದಿರಲಿಲ್ಲ. ಒಂಬತ್ತೂವರೆಗೇ ಬಂದರು, ಇಬ್ಬರೂ. ಸರ್ ಹೆಗಲಲ್ಲಿ ಹಳೆಯ ಕ್ಯಾನ್ವಾಸ್ ಚೀಲ. ಸ್ಕ್ರೂಡ್ರೈವರ್, ಟೆಸ್ಟರ್, ಎಣ್ಣೆ ಡಬ್ಬಿ, ಒರೆಸಲು ಬನಿಯನ್ ತುಂಡು. ನಾನೇ ನೋಡ್ತೀನಿ ಎಂದರು. ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ಕುರ್ಚಿ ಯಾವ ಲೆಕ್ಕ ಎಂದರು. ಹೊರಗಿನವರು ಮುಟ್ಟುವಂತಿಲ್ಲ ಸರ್, ರೂಲ್ಸ್ ಎಂದೆ. "ಐದೇ ನಿಮಿಷ ಪುಟ್ಟಾ. ಮೂರು ವಾರ ಆದ್ರೂ ರಿಪೇರಿ ಆಗಿಲ್ಲ ಅಂದ್ರೆ ಬೈಸ್ಕೊಳ್ಳೋಳು ನೀನೇ ತಾನೆ."

ನನಗಾಗಿ ಬಂದಿದ್ದರು. ಅರ್ಧ ನನಗಾಗಿ.

ಕಾಮೇಶ್ವರ ಗಾರು ಊರಿನಲ್ಲಿರಲಿಲ್ಲ. ಬೇಡ ಎಂದು ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ. ಸಿಕ್ಕಿಬಿದ್ದರೆ ಸಾಕು ಎಂದು ಒಳಗೆ ಎಲ್ಲೋ ಅನಿಸಿತ್ತು, ಸುಳ್ಳಲ್ಲ.

ಹಾಲ್ ಖಾಲಿ. ಲೈಟ್ ಎಲ್ಲ ಹಾಕಿಸಿದೆ. ಸರ್ ಕೆಳಗೆ ಕೂತು, ಕನ್ನಡಕ ಸರಿಮಾಡಿಕೊಂಡು, ಹಿಂದಿನ ಕವರಿನ ನಾಲ್ಕು ಸ್ಕ್ರೂ ಬಿಚ್ಚಿದರು. ವೈರ್ ಮುಟ್ಟಿ ನೋಡಿದರು. ಟೆಸ್ಟರ್ ಇಟ್ಟರು, ದೀಪ ಹತ್ತಿತು. ಪ್ಲಗ್ಗಾದರೂ ಕಿತ್ತಿಡಬೇಕಿತ್ತು ಎಂದು ಆಗ ಹೊಳೆಯಿತು. ಛೀ, ಆಗಲೂ ಅದೇ ಯೋಚನೆ ನನಗೆ.

ಕೈ ಚಾಚಿ ಬಟನ್ ಒತ್ತಿದರು. ಎ-1 ಎದ್ದಿತು. ಇಳಿಸಿದರು. ಎ-2 ಒತ್ತಿದರು. ಅದೂ ಎದ್ದಿತು. ಇನ್ನೊಮ್ಮೆ ಇಳಿಸಿ, ಎತ್ತಿದರು. ಸದ್ದೇ ಇಲ್ಲ, ಹೊಸದರಂತೆ.

ನನ್ನ ಕಡೆ ತಿರುಗಲಿಲ್ಲ. ನಾಲ್ಕೂ ಸ್ಕ್ರೂ ಹಾಕಿ ಬಿಗಿ ಮಾಡಿದರು. ಕೆಟ್ಟೇ ಇರದ ಕುರ್ಚಿಗೆ ಎರಡು ಹನಿ ಎಣ್ಣೆ ಬಿಟ್ಟು ಒರೆಸಿದರು. ಆಮೇಲೆ ಅಮ್ಮನಿಗೆ ಹೇಳಿದರು. "ಒಂದು ವೈರ್ ಲೂಸ್ ಆಗಿತ್ತು ಕಣೆ. ಸರಿಮಾಡಿದೆ. ಬಾ, ಕೂತ್ಕೋ."

ಅಮ್ಮ ಕೂತರು. ಕಾಲು ಮೇಲೆತ್ತಿಸಿಕೊಂಡರು. ಬಿಳಿ ಪರದೆಯನ್ನೇ ನೋಡುತ್ತಾ ಶುರು ಯಾವಾಗ ಎಂದು ಕೇಳಿದರು. ಇವತ್ತು ಕುರ್ಚಿ ನೋಡೋಕೆ ಬಂದಿದ್ದು ಅಷ್ಟೇ ಎಂದರು ಸರ್. ದುರ್ಗಾಂಬ ಗಾರು ಯಾರೂ ಹೇಳದೆಯೇ ಕಂಬಳಿ ತಂದು ಹೊದೆಸಿದರು. ಹತ್ತು ನಿಮಿಷ ಹಾಗೇ. ನಾನು ಬಾಯಿಬಿಡಬೇಕಿತ್ತು. ಸರ್, ತಪ್ಪಾಯಿತು — ಎರಡು ಪದ. ಅದರ ಬದಲು ನೆಲದ ಮೇಲಿದ್ದ ಹಳದಿ ಟೇಪ್ ಎತ್ತಿಕೊಂಡೆ.

ಹೊರಡುವಾಗ ಮೊದಲ ಸಲ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಕೈ ಮುಗಿದರು. "ಮೀಕು ಶ್ರಮ ಇಚ್ಚಾಂ, ಮೇಡಂ. ವೆಳ್ಳೊಸ್ತಾಮಂಡಿ."

ನಿಮಗೆ ತೊಂದರೆ ಕೊಟ್ಟೆವು, ಹೋಗಿ ಬರುತ್ತೇವೆ. ಇಷ್ಟು ದಿನದಲ್ಲಿ ನನ್ನ ಜೊತೆ ಅವರು ಒಂದು ತೆಲುಗು ಪದ ಆಡಿರಲಿಲ್ಲ. ಮೇಡಂ ಅಂದಿರಲಿಲ್ಲ.

ಆಗಸ್ಟ್ 6

ಬ್ಲಾಕ್ ತೆಗೆದೆ.

ಆಗಸ್ಟ್ 12, ಮಂಗಳವಾರ

ಬರಲಿಲ್ಲ. ಫೋನೂ ಇಲ್ಲ. ಎ-1, ಎ-2ರಲ್ಲಿ ಕಾಲೇಜಿನ ಜೋಡಿ. ಬಟನ್ ಒತ್ತಿ ಮೇಲೆ ಕೆಳಗೆ ಆಟ ಆಡುತ್ತಿದ್ದರು.

ಆಗಸ್ಟ್ 26, ಮಂಗಳವಾರ

ಬರಲಿಲ್ಲ. ನಂಬರ್ ಇದೆ. ಎರಡು ಸಲ ಡಯಲ್ ಮಾಡಿ ಕಟ್ ಮಾಡಿದೆ. ಏನು ಹೇಳುವುದು, ಕುರ್ಚಿ ಸರಿಯಾಗಿದೆ ಬನ್ನಿ ಎಂದೇ?

ಲಾಬಿಯಲ್ಲಿ ಯಾರೋ ರಿಪೇರಿ ಎಂದರೂ ಸಾಕು, ತಿರುಗಿ ನೋಡುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ದುರ್ಗಾಂಬ ಗಾರು ಈಗ ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಮೊದಲು ಮನೆಯಿಂದ ಪುಳಿಹೊರ ತಂದರೆ ನನಗೊಂದು ಪಾಲು ಇರುತ್ತಿತ್ತು.

ಸೆಪ್ಟೆಂಬರ್ 12, ಶುಕ್ರವಾರ

ಪ್ರಮೋಷನ್. ವಿಜಯವಾಡ. ಅವ್ವ ಓಣಿಗೆಲ್ಲ ಪೇಡೆ ಹಂಚಿದಳಂತೆ. ಅಷ್ಟು ಖುಷಿಯ ಸುದ್ದಿಗೆ ಹಿಂಗ್ಯಾಕ ಮಾತಾಡ್ತಿ, ಆರಾಮಿಲ್ಲೇನ ಎಂದು ಕೇಳಿದಳು. ನೆಗಡಿ ಎಂದೆ. ಈಗ ಸುಳ್ಳು ಸಲೀಸಾಗಿ ಬರುತ್ತದೆ.

ಅಕ್ಟೋಬರ್ 8, ಬುಧವಾರ. ವಿಜಯವಾಡ

ಇಲ್ಲಿ ಸ್ಕ್ರೀನ್ ಆರು. ಕುರ್ಚಿ ಇನ್ನೂ ದೊಡ್ಡವು, ಬೆನ್ನು ಒತ್ತುವ ವ್ಯವಸ್ಥೆ ಬೇರೆ. ಸ್ವಾಗತಕ್ಕೆ ಕೊಂಡಪಲ್ಲಿಯ ಮರದ ಗೊಂಬೆ ಕೊಟ್ಟರು, ಟೇಬಲ್ ಮೇಲಿದೆ. ಕೆಲಸ ಅದೇ.

ಇವತ್ತು ಹೆಡ್ ಆಫೀಸಿನಿಂದ ಮೇಲ್. ಮುಂದಿನ ಮಂಗಳವಾರ ಟ್ರೇನಿಂಗ್. ಆಂಧ್ರದ ಒಂಬತ್ತು ಥಿಯೇಟರುಗಳ ಮ್ಯಾನೇಜರುಗಳು ಬರುತ್ತಾರೆ. ಮಾತಾಡಬೇಕಾದವಳು ನಾನು. ಸಿಸ್ಟಮ್‌ನಲ್ಲಿ ನನ್ನ ಬ್ಲಾಕ್ ನೋಡಿ, ವಿಷಯವನ್ನು ಕಾಮೇಶ್ವರ ಗಾರು ಕಳಿಸಿದ್ದಾರಂತೆ — "ಡಿಫಿಕಲ್ಟ್ ಗೆಸ್ಟ್, ಝೀರೋ ಕಾನ್‌ಫ್ಲಿಕ್ಟ್: ವೈಜಾಗ್ ಮಾದರಿ". ಮೇಂಟೆನೆನ್ಸ್ ಬ್ಲಾಕ್ ಹಾಕುವುದು ಹೇಗೆ, ಎಷ್ಟು ವಾರ ಹಾಕಬೇಕು, ಗೆಸ್ಟ್‌ಗೆ ಏನು ಹೇಳಬೇಕು. ಕೊನೆಯಲ್ಲಿ ಒಂದು ಸಾಲು: ಸಾಧ್ಯವಾದರೆ ಗೆಸ್ಟ್‌ನ ಮಾತೃಭಾಷೆಯಲ್ಲೇ ಹೇಳಿ, ನಂಬುತ್ತಾರೆ.

ಓದಿ ಬಾತ್‌ರೂಮಿಗೆ ಹೋಗಿ ಅತ್ತೆ. ಒಂಬತ್ತು ಥಿಯೇಟರ್. ಒಂದೊಂದರಲ್ಲೂ ಮೆಟ್ಟಿಲಿಲ್ಲದ ಸೀಟು ಎರಡೋ ನಾಲ್ಕೋ ಇರುತ್ತವೆ.

ಅಕ್ಟೋಬರ್ 12, ಭಾನುವಾರ

ಸ್ಲೈಡ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಹುಷಾರಿಲ್ಲ ಎಂದು ರಜೆ ಹಾಕಬಹುದು. ಹಾಕಿದರೆ ಕಾಮೇಶ್ವರ ಗಾರು ತಾವೇ ಹೇಳುತ್ತಾರೆ, ನನಗಿಂತ ಚೆನ್ನಾಗಿ.

ಅಕ್ಟೋಬರ್ 14, ಮಂಗಳವಾರ. ಬೆಳಗ್ಗೆ 9.40

ಇನ್ನು ಇಪ್ಪತ್ತು ನಿಮಿಷ. ಕಾನ್ಫರೆನ್ಸ್ ರೂಮಿನಲ್ಲಿ ಕಾಫಿ ಶುರುವಾಗಿದೆ, ಕಾಮೇಶ್ವರ ಗಾರು ಯಾರಿಗೋ ನನ್ನನ್ನು ಹೊಗಳುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಸ್ಲೈಡ್ ಡಿಲೀಟ್ ಮಾಡಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹೆದರಿಕೆ ಇದೆ.

ಹೇಳಬೇಕಾದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ಅಲ್ಲಿ ತಡವರಿಸಬಾರದು.

ಆ ಎರಡು ಕುರ್ಚಿಗಳು ಕೆಟ್ಟಿರಲಿಲ್ಲ. ಅಲ್ಲಿ ಕೂರುತ್ತಿದ್ದವರು ಡಿಫಿಕಲ್ಟ್ ಗೆಸ್ಟ್ ಅಲ್ಲ, ಗೋಪಾಲಕೃಷ್ಣ ಮತ್ತು ಸುಲೋಚನಾ. ಅವರಿಗೆ ಬೇರೊಂದು ಹೊತ್ತು, ಬೇರೊಂದು ಶೋ ಹುಡುಕಬಹುದಿತ್ತು, ಅವರನ್ನೇ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಯಾರೂ ಅಲ್ಲ, ನಾನು ಕೇಳಲಿಲ್ಲ. ನಾನು — ಕರೆಯುತ್ತಿದ್ದಾರೆ. ಉಳಿದದ್ದು ಅಲ್ಲೇ ಹೇಳುತ್ತೇನೆ.