ಹಿತ್ತಾಳೆ ತಗಡಿನ ತಾರೀಖುಗಳು

ಅಪ್ಪಾ,

ನಿನ್ನ ರಿಪೇರಿ ಅಂಗಡಿಯ ಗೋಡೆಯಲ್ಲಿದ್ದ ದೊಡ್ಡ ಗಡಿಯಾರವನ್ನು ನೋಡಲು ಇವತ್ತು ಹಳೆಯ ಗಡಿಯಾರ ಸಂಗ್ರಹಿಸುವವನೊಬ್ಬ ಬಂದಿದ್ದ. ಅವನು ಬರುತ್ತಾನೆಂದು ವಾರವಿಡೀ ಅದನ್ನು ಸಿಂಗರಿಸಿದ್ದೆ. ಮರಕ್ಕೆ ವಾರ್ನಿಶ್ ಬಳಿದೆ, ಮಾಸಿದ ಅಂಕಿಗಳನ್ನು ತಿದ್ದಿ ಬರೆದೆ, ಒಳಗಿನ ಹಿತ್ತಾಳೆ ತಗಡನ್ನು ಪಾಲಿಶ್ ಮೆಷಿನ್ನಿಗೆ ಹಿಡಿದು ಫಳಫಳ ಹೊಳೆಯುವಂತೆ ಉಜ್ಜಿದೆ.

ಹಿಂದಿನ ಮುಚ್ಚಳ ಬಿಚ್ಚಿದವನೇ ಅವನು ಸತ್ತ ಇಲಿಯ ವಾಸನೆ ಬಡಿದವನಂತೆ ಮುಖ ಸಿಂಡರಿಸಿದ.

"ಹೊಸದೇ ಬೇಕಿದ್ರೆ ಶೋರೂಮಿಗೆ ಹೋಗ್ತಿರಲಿಲ್ವೇನ್ರೀ? ಮಾಸಿದ್ದು, ಸವೆದಿದ್ದು, ಅದೇ ಅಲ್ವಾ ಇದರ ವಯಸ್ಸು? ರಿಪೇರಿ ಮಾಡಿದವರು ಒಳಗೆ ತಾರೀಖು ಗೀರಿರ್ತಾರಲ್ಲ, ಅದೆಲ್ಲಿ?"

"ಕೊಳೆ ಅಂದ್ಕೊಂಡು ಉಜ್ಜಿಬಿಟ್ಟೆ" ಅಂದೆ.

ಸುಳ್ಳು. ಬಿಚ್ಚಿದಾಗಲೆಲ್ಲ ನೀನು ಸೂಜಿಯಿಂದ ತಾರೀಖು ಗೀರುತ್ತಿದ್ದುದು ನನಗೆ ಗೊತ್ತಿರಲಿಲ್ಲವೇ? ನೋಡುವವರಿಗೆ ಗಲೀಜಾಗಿ ಕಾಣುತ್ತದೆ ಎಂದು ನಿನ್ನ ಕೈಬರಹಕ್ಕೇ ನಾಚಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಹೊರಡುವಾಗ ಅವನು ಸುಮ್ಮನೆ ಹೋಗಲಿಲ್ಲ. "ಹೋಗ್ಲಿ ಬಿಡಿ, ನಿಮ್ಮ ತಂದೆ ಇದನ್ನ ಕೊನೇ ಸಲ ಬಿಚ್ಚಿದ್ದು ಯಾವಾಗ? ಅದಾದ್ರೂ ನೆನಪಿದೆಯಾ?" ಎಂದು ಕೇಳಿದ.

ನಿನ್ನ ಕೊನೆಯ ಎರಡು ವರ್ಷ ನಾನು ಈ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಅವನ ಪ್ರಶ್ನೆಗೆ ಉತ್ತರ ಇದ್ದದ್ದು ಆ ತಗಡಿನ ಮೇಲೆ ಮಾತ್ರ.

ಅವನು ಹೋದ ಮೇಲೆ ಟಾರ್ಚು ಹಿಡಿದು ಮೂಲೆ ಮೂಲೆ ಹುಡುಕಿದೆ. ಅಷ್ಟು ಅಚ್ಚುಕಟ್ಟಾಗಿ ಬೇರೆ ಯಾವ ಕೆಲಸವನ್ನೂ ನಾನು ಮಾಡಿಲ್ಲ, ಅಪ್ಪಾ. ಒಂದು ಗೀರೂ ಉಳಿದಿಲ್ಲ. ನನ್ನ ಮೂತಿ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.